ವಂದನಾರ್ಪಣೆಯಲ್ಲಿ ಒಂದು ಹೆಸರು

ಕಳೆದ ತಿಂಗಳು ಮಸ್ಕತ್ತಿನ ಹೋಟೆಲೊಂದರ ಸಭಾಂಗಣದಲ್ಲಿ ನನ್ನ ಚಿಕ್ಕಪ್ಪನ ಬೀಳ್ಕೊಡುಗೆ ನಡೆಯಿತು. ರುಸೈಲ್‌ನ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಯೌವನವನ್ನೆಲ್ಲ ಕಳೆದ ಮನುಷ್ಯ. ಕರಾವಳಿಯ ಸ್ನೇಹಿತರು ಸೇರಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಬ್ಬರಾದ ಮೇಲೊಬ್ಬರು ಮಾತಾಡಿದರು. ಕೊನೆಗೆ ನಿರೂಪಕರು “ಈಗ ವಂದನಾರ್ಪಣೆ” ಎಂದರು. ಬಿಳಿ ಅಂಗಿಯ ಒಬ್ಬರು ನಾಲ್ಕಾಗಿ ಮಡಚಿದ ಹಾಳೆಯನ್ನು ಬಿಡಿಸಿ ಹೆಸರುಗಳನ್ನು ಓದತೊಡಗಿದರು. ಹತ್ತನೆಯ ಹೆಸರಿಗೆ ಎದ್ದು ಹೊರಗೆ ಬಂದೆ.

ಸಂಜೆಯ ಸೆಖೆ ಒದ್ದೆ ಕಂಬಳಿಯಂತೆ ಮುಖಕ್ಕೆ ಬಂದು ಬಿತ್ತು. ಹಿಂದೆಯೇ ಚಿಕ್ಕಮ್ಮ ಬಂದರು.

“ಎಂತ ಆಯ್ತು ರಕ್ಷಿತಾ? ತಲೆ ತಿರುಗ್ತದಾ?”

“ಒಳಗೆ ಉಸಿರು ಕಟ್ಟಿದ ಹಾಗೆ ಆಯ್ತು ಚಿಕ್ಕಮ್ಮ.”

“ಎಸಿ ಉಂಟಲ್ಲ ಮಾರಾಯ್ತಿ ಒಳಗೆ!” ಎಂದು ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಮೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ನಾನೂ ಒಂದು ವಂದನಾರ್ಪಣೆ ಮಾಡಿದ್ದೆ. ಅದರ ವಿಚಾರಣೆ ಇನ್ನೂ ಮುಗಿದಿಲ್ಲ. ಏಕೆಂದರೆ ಅದರಲ್ಲಿ ಆರೋಪಿಯೂ ನಾನೇ, ದೂರು ಕೊಟ್ಟವಳೂ ನಾನೇ.

ಆ ವರ್ಷದ ಏಪ್ರಿಲ್‌ನಲ್ಲಿ ಮದೀನತ್ ಸುಲ್ತಾನ್ ಖಾಬೂಸ್‌ನ ಭಾರತೀಯ ಪಠ್ಯಕ್ರಮದ ಶಾಲೆಯೊಂದಕ್ಕೆ ರಾಜ್ಯಶಾಸ್ತ್ರದ ಅಧ್ಯಾಪಕಿಯಾಗಿ ಸೇರಿದೆ. ಎಂ.ಎ. ಮುಗಿದು ವರ್ಷವಾಗಿರಲಿಲ್ಲ. ಹಾಸ್ಟೆಲಿನ ನೀರಿನಿಂದ ಹಿಡಿದು ಕುಲಪತಿಗಳ ನೇಮಕದವರೆಗೆ ಪ್ರತಿಯೊಂದಕ್ಕೂ ಉತ್ತರದಾಯಿತ್ವ ಕೇಳಿ ಮನವಿ ಬರೆದು ಪಳಗಿದ ಕೈ ನನ್ನದು. ಆಡಳಿತದ ಕುರ್ಚಿಯಲ್ಲಿ ಕುಳಿತವರು ನಕ್ಕರೆ ಏಕೆ ನಕ್ಕರು, ಸುಮ್ಮನಿದ್ದರೆ ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಯೋಚಿಸುವುದು ನನಗೆ ಅಭ್ಯಾಸವಾಗಿತ್ತು. ಅಲ್ ಖೂದ್‌ನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ವಾಸ. ಶಾಲೆಯ ಬಸ್ಸಿನಲ್ಲೇ ಪ್ರಯಾಣ. ಮೊದಲ ದಿನವೇ ಚಿಕ್ಕಪ್ಪ ಎಚ್ಚರಿಸಿದ್ದರು.

“ನೋಡು, ಊರಿನ ಕಾಲೇಜಿನ ಹಾಗೆ ಇಲ್ಲಿ ಘೋಷಣೆ ಗೀಷಣೆ ಎಲ್ಲ ಬೇಡ. ವೀಸಾ ಕೊಟ್ಟ ಕಫೀಲನ ಒಂದು ಕಾಗದದ ಮೇಲೆ ನಿಂತವರು ನಾವು.”

“ಕಾಗದ ಓದ್ಲಿಕ್ಕೆ ಗೊತ್ತಿದ್ದವರು ಯಾಕೆ ಹೆದರ್ಬೇಕು ಚಿಕ್ಕಪ್ಪ?”

“ಓದ್ಲಿಕ್ಕೆ ಗೊತ್ತಿದ್ದವರೇ ಮೊದಲು ಸಿಕ್ಕಿ ಬೀಳುದು. ನಾನು ಇಷ್ಟು ವರ್ಷ ನೋಡಿದ್ದು ಅದೇ.”

ಪ್ರತಿ ನವೆಂಬರ್‌ನಲ್ಲಿ ನಮ್ಮ ಶಾಲೆಯಲ್ಲಿ ವಿಶ್ವಸಂಸ್ಥೆಯ ಅಧಿವೇಶನವನ್ನು ಅನುಕರಿಸುವ ಅಂತರಶಾಲಾ ‘ಮಾದರಿ ಮಹಾಸಭೆ’ ನಡೆಯುತ್ತಿತ್ತು. ಒಂದೊಂದು ಶಾಲೆಯ ತಂಡ ಒಂದೊಂದು ದೇಶದ ಪ್ರತಿನಿಧಿಯಾಗಿ ವಾದಿಸಬೇಕು. ಯಾವ ದೇಶವೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ನಮ್ಮ ತಂಡವನ್ನು ಸಜ್ಜುಗೊಳಿಸುವುದು ನನ್ನ ಕೆಲಸ, ಚಟುವಟಿಕೆಗಳ ಉಸ್ತುವಾರಿ ಲವೀನಾ ಮಿಸ್‌ ಅವರದು. ಶಿರ್ವದ ಕಡೆಯ ಕೊಂಕಣಿ ಕ್ರೈಸ್ತ ಕುಟುಂಬದವರು. ಗಂಡ ದೂರದ ದುಕ್ಮ್ ಬಂದರಿನ ಕೆಲಸದಲ್ಲಿದ್ದುದರಿಂದ ಮನೆ, ಮಕ್ಕಳು, ಶಾಲೆ ಮೂರನ್ನೂ ಒಬ್ಬರೇ ನಡೆಸುತ್ತಿದ್ದರು. ಅವರು ಎತ್ತಿದ ಚೀಟಿಯಲ್ಲಿ ನಮ್ಮ ತಂಡಕ್ಕೆ ಬಂದದ್ದು ಆಫ್ರಿಕದ ಒಂದು ಪುಟ್ಟ ಗಣರಾಜ್ಯ. ಅಮೆರಿಕವೋ ಫ್ರಾನ್ಸೋ ಸಿಗುತ್ತದೆಂದು ಕಾದಿದ್ದ ಹನ್ನೊಂದನೆಯ ತರಗತಿಯ ಮಕ್ಕಳ ಮುಖ ಬಾಡಿತು. ತಂಡದ ನಾಯಕಿ ಅನುಷ್ಕಾ, ಉಡುಪಿಯ ಕಡೆಯ ಹುಡುಗಿ, ನಕ್ಷೆಯಲ್ಲಿ ಹುಡುಕಿ ಹುಡುಕಿ, “ಮಿಸ್, ನಾನು ಬೆರಳಿಟ್ರೆ ಇಡೀ ದೇಶವೇ ಮುಚ್ಚಿ ಹೋಗ್ತದೆ!” ಎಂದಳು.

ಕಾಗದದ ಮೇಲೆ ಅದು ಸುಂದರವಾದ ದೇಶವಾಗಿತ್ತು. ನೇರ ಮತದಾನದಿಂದ ಆಯ್ಕೆಯಾಗುವ ರಾಷ್ಟ್ರಾಧ್ಯಕ್ಷ, ಒಬ್ಬರಿಗೆ ಎರಡೇ ಅವಧಿ. ಏಕಸದನದ ಸಂಸತ್ತು, ಸಂವಿಧಾನ ನ್ಯಾಯಾಲಯ, ಸ್ವತಂತ್ರ ಚುನಾವಣಾ ಆಯೋಗ. ನಾನು ಕಪ್ಪುಹಲಗೆಯ ಮೇಲೆ ಇವೆಲ್ಲಕ್ಕೂ ಚೌಕಗಳನ್ನು ಬರೆದು, ಯಾರನ್ನು ಯಾರು ನೇಮಿಸುತ್ತಾರೆಂದು ಬಾಣಗಳನ್ನು ಎಳೆದೆ. ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸುತ್ತಾರೆ. ಪ್ರಾಂತಗಳ ಆಡಳಿತಗಾರರನ್ನೂ ಅಧ್ಯಕ್ಷರೇ. ಆಯೋಗದ ಸದಸ್ಯರನ್ನು ಸಂಸತ್ತು ಸೂಚಿಸುತ್ತದೆ, ಅಧ್ಯಕ್ಷರು ಒಪ್ಪುತ್ತಾರೆ. ಆ ಸಂಸತ್ತಿನ ಕೆಲವು ಸದಸ್ಯರನ್ನು ಮತ್ತೆ ಅಧ್ಯಕ್ಷರೇ ನೇಮಿಸುತ್ತಾರೆ. ತರಗತಿ ಮುಗಿಯುವಷ್ಟರಲ್ಲಿ ಬಾಣಗಳೆಲ್ಲ ಒಂದೇ ಚೌಕದಿಂದ ಹೊರಟು ಬೇರೆ ಚೌಕಗಳನ್ನು ಚುಚ್ಚುತ್ತಿದ್ದವು. ಮಕ್ಕಳಿಗೆ ಮೊದಲ ಸಲ ಆಸಕ್ತಿ ಹುಟ್ಟಿತು.

ಆ ದಿನ ಮಧ್ಯಾಹ್ನ ಬಸ್ಸಿನಲ್ಲಿ ಅನುಷ್ಕಾ “ಟು ಟರ್ಮ್ಸ್ ಓನ್ಲಿ” ಎಂದು ಬಾಯಿಪಾಠ ಮಾಡುತ್ತಿದ್ದಾಗ ಮುಂದಿನ ಸೀಟಿನಿಂದ ಯಾರೋ ನಕ್ಕರು. ತಿರುಗಿ ನೋಡಿದರೆ ಬಸ್ಸಿನ ಆಯಾ. ಮಕ್ಕಳನ್ನು ಹತ್ತಿಸಿ, ಇಳಿಸಿ, “ಮೋಜಾ, ಮ್ಬಿಲಿ, ತಾತು” ಎಂದು ಸ್ವಾಹಿಲಿಯಲ್ಲಿ ತಲೆ ಎಣಿಸುವ ಐವತ್ತರ ಆಸುಪಾಸಿನ ಹೆಂಗಸು. ಮಕ್ಕಳಿಂದಲೇ ಹಿಂದಿ ಕಲಿತಿದ್ದರು. ನಮ್ಮಿಬ್ಬರ ನಡುವಿನ ಭಾಷೆಯೂ ಅದೇ. ಇಲ್ಲಿ ಅವರನ್ನು ಬಿ ಸಲ್ಮಾ ಎಂದು ಕರೆಯುತ್ತೇನೆ. ‘ಬಿ’ ಎಂಬುದು ಅವರ ಕಡೆ ಹಿರಿಯ ಹೆಂಗಸರಿಗೆ ಕೊಡುವ ಗೌರವ. ‘ಸಲ್ಮಾ’ ಅವರ ಹೆಸರಲ್ಲ.

“ಯಾಕೆ ನಕ್ಕಿರಿ?” ಎಂದೆ.

“ಅದು ನನ್ನ ದೇಶ, ಟೀಚರ್. ಎರಡು ಅವಧಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಸಂವಿಧಾನವೇ ಹೊಸದಾಗುತ್ತದೆ. ಹೊಸ ಪುಸ್ತಕ ಬಂದ ಮೇಲೆ ಹಳೆಯ ಅವಧಿಯನ್ನು ಯಾರು ಎಣಿಸುತ್ತಾರೆ? ಮತ್ತೆ ಮೋಜಾದಿಂದ ಶುರು.”

ಚಾಲಕ ನಾಸಿರ್ ಕನ್ನಡಿಯಲ್ಲಿ ನೋಡಿ ತಾನೂ ನಕ್ಕ. ಅವನು ಒಮಾನಿ, ಆದರೆ ಅವನ ಅಜ್ಜನ ಕಾಲದಲ್ಲಿ ಕುಟುಂಬ ಝಾಂಜಿಬಾರ್‌ನಿಂದ ಬಂದದ್ದರಿಂದ ಸ್ವಾಹಿಲಿ ಅವನ ಮನೆಮಾತು. ಅವರಿಬ್ಬರೂ ದಾರಿಯುದ್ದಕ್ಕೂ ಆ ಭಾಷೆಯಲ್ಲಿ ಏನೋ ಮಾತಾಡುತ್ತಿದ್ದರು. ಅದು ನನಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಮಾತನ್ನು ನಾನು ಆಗಲೇ ಸಂಶಯದಿಂದ ನೋಡುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಬೆಳಗಿನ ಟ್ರಿಪ್ ಮುಗಿದ ಮೇಲೆ ಬಿ ಸಲ್ಮಾ ಲೈಬ್ರರಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ನಾನು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯತೊಡಗಿದೆ. ಜೂನ್ ಬರುವಷ್ಟರಲ್ಲಿ ಬಿಸಿಗಾಳಿ ಎದ್ದು, ಅಂಗಳದ ಬೇವಿನ ಮರಗಳು ಬೂದಿ ಬಳಿದುಕೊಂಡಂತೆ ನಿಂತವು. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ, ರಜೆಗೆ ಮುಂಚಿನ ಕೊನೆಯ ವಾರ, ಅವರು ಮತಗಟ್ಟೆಯ ವಿಷಯ ಹೇಳಿದರು.

ಊರಿನಲ್ಲಿ ಅವರು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಒಂದು ಚುನಾವಣೆಯಲ್ಲಿ ಅವರ ಶಾಲೆಯೇ ಮತಗಟ್ಟೆ, ಅವರೇ ಅದರ ಅಧಿಕಾರಿ. ಸಂಜೆ ಮತ ಎಣಿಸಿದರು. ಫಲಿತಾಂಶದ ಒಂದು ಪ್ರತಿಯನ್ನು ಪೆಟ್ಟಿಗೆಯೊಂದಿಗೆ ಕಳಿಸಿ, ನಿಯಮದಂತೆ ಇನ್ನೊಂದನ್ನು ಶಾಲೆಯ ಬಾಗಿಲಿಗೆ ಅಂಟಿಸಿದರು. ಬೆಳಿಗ್ಗೆ ಬಂದು ನೋಡಿದರೆ ಬಾಗಿಲ ಮೇಲೆ ಬೇರೆಯೇ ಹಾಳೆ. ಸೋತವರು ಗೆದ್ದಿದ್ದರು. ಅದಕ್ಕಿಂತ ವಿಚಿತ್ರವೆಂದರೆ, ಮತಗಟ್ಟೆಯ ಅಧಿಕಾರಿ ಎಂಬಲ್ಲಿ ಬೇರೆ ಯಾರದೋ ಹೆಸರಿತ್ತು. ಆ ಮನುಷ್ಯ ಆ ಶಾಲೆಯ ಮೆಟ್ಟಿಲನ್ನೂ ತುಳಿದವನಲ್ಲ.

“ನೀವು ಏನು ಮಾಡಿದಿರಿ?” ಅನುಷ್ಕಾ ಕೇಳಿದಳು.

“ಮಕ್ಕಳನ್ನು ಒಳಗೆ ಕರೆದು ಗಂಟೆ ಬಾರಿಸಿದೆ. ಆ ದಿನ ಪಾಠ ಇತ್ತಲ್ಲ.”

ವರ್ಷದೊಳಗೆ ಅವರು ದೇಶ ಬಿಟ್ಟರು. ನನ್ನ ಅಮ್ಮನೂ ಸರಕಾರಿ ಶಾಲೆಯ ಟೀಚರ್. ಚುನಾವಣಾ ಡ್ಯೂಟಿಗೆ ಹೋಗಿ, ಬೆಂಚಿನ ಮೇಲೆ ಮಲಗಿ, ಮತಯಂತ್ರವನ್ನು ಮಗುವಿನಂತೆ ಕಾದು ಬಂದವಳು. ನನ್ನ ಮೈ ಉರಿಯಿತು. ಜಗತ್ತು ಈ ಹೆಂಗಸಿಗೆ ಉತ್ತರ ಕೊಡಬೇಕು ಎಂದುಕೊಂಡೆ. ಆ ಹೆಂಗಸಿಗೆ ಏನು ಬೇಕು ಎಂದು ಮಾತ್ರ ಕೇಳಲಿಲ್ಲ.

ಆಗಸ್ಟ್‌ನಲ್ಲಿ ಶಾಲೆ ಮತ್ತೆ ತೆರೆಯಿತು. ನವೆಂಬರ್ ಬಂದು ಗಾಳಿಯಲ್ಲಿ ತಂಪು ಕಾಣಿಸಿಕೊಂಡಾಗ ನಮ್ಮ ತಂಡ ಸಜ್ಜಾಗಿತ್ತು. ಸಮಾರೋಪದ ವಂದನಾರ್ಪಣೆ ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಇಂಗ್ಲಿಷಿನ ‘ವೋಟ್ ಆಫ್ ಥ್ಯಾಂಕ್ಸ್’ ಎಂದರೆ ಎರಡು ನಿಮಿಷದ ಶಾಸ್ತ್ರ. ನಮ್ಮೂರಿನಲ್ಲಿ ಹಾಗಲ್ಲ. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಶಾಮಿಯಾನ ಹಾಕಿದವನ ಹೆಸರು ಬಿಟ್ಟುಹೋದರೆ ಮರುವರ್ಷ ಇನ್ನೊಂದು ಮಂಡಲ ಹುಟ್ಟಿಕೊಳ್ಳುತ್ತದೆ. ವಂದನಾರ್ಪಣೆ ಮಾಡುವುದರಲ್ಲಿ ಅಪ್ಪನಿಗೆ ಊರಿಡೀ ಹೆಸರಿತ್ತು. ಪ್ರತಿಯೊಬ್ಬರನ್ನೂ ಅವರ ಊರು, ಉದ್ಯೋಗ, ಗುಣ ಸೇರಿಸಿ ಸ್ಮರಿಸಬೇಕು ಎಂಬುದು ಅವನ ನಿಯಮ. ಕೃತಜ್ಞತೆಗೆ ಇನ್ನೊಂದು ಬಗೆಯಿದೆ, ಕೆಲವೊಮ್ಮೆ ಹೆಸರನ್ನು ಬಿಡುವುದೇ ಉಪಕಾರ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿ ಸಲ್ಮಾಗೆ ಮೊದಲೇ ತಿಳಿಸಿದೆ. “ವೇದಿಕೆಯಿಂದ ನಿಮ್ಮ ಹೆಸರು ಹೇಳುತ್ತೇನೆ.”

“ಬೇಡ ಟೀಚರ್.”

“ಹೇಳಲೇಬೇಕು. ನೀವಿಲ್ಲದಿದ್ದರೆ ಈ ಮಕ್ಕಳಿಗೆ ಏನು ಗೊತ್ತಾಗುತ್ತಿತ್ತು?”

“ಬೇಡ. ನಿಜವಾಗಿ ಬೇಡ.” ಮರುದಿನ ಬಸ್ಸಿಳಿಯುವಾಗ ಇನ್ನೊಮ್ಮೆ ಹೇಳಿದರು: “ಆ ಹೆಸರಿನ ವಿಷಯ, ಬೇಡ.”

ನಮ್ಮಲ್ಲಿ ಸನ್ಮಾನ ಬೇಡವೆನ್ನುವುದು ಸನ್ಮಾನದ ಮೊದಲ ಭಾಗ. ಮೂರು ಸಲ ಬೇಡವೆಂದ ಮೇಲೆಯೇ ದೊಡ್ಡವರು ಶಾಲಿಗೆ ಹೆಗಲು ಕೊಡುವುದು. ಊಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದವರಿಗೇ ಇನ್ನೊಂದು ಸೌಟು ಬಡಿಸುವುದು. ಅವರದು ಹಿರಿಯರ ಸಂಕೋಚವೆಂದು ತಿಳಿದು ಮನಸ್ಸು ತುಂಬಿ ಬಂತು.

ಕಾರ್ಯಕ್ರಮದ ಹಿಂದಿನ ದಿನ ನನ್ನ ಕರಡು ಲವೀನಾ ಮಿಸ್ ಅವರ ಮೇಜಿನಿಂದ ವಾಪಸು ಬಂತು. ಬಿ ಸಲ್ಮಾ ಹೆಸರಿದ್ದ ಸಾಲಿನ ಮೇಲೆ ಕೆಂಪು ಗೀಟು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಇದ್ದರು. ನಾನು ಎಲ್ಲರಿಗೂ ಕೇಳುವಂತೆ ಕೇಳಿದೆ.

“ಇದನ್ನು ಯಾಕೆ ತೆಗೆದಿರಿ ಮಿಸ್?”

“ಉದ್ದ ಆಗ್ತದೆ.”

“ಮೈಕಿನವನ ಹೆಸರು ಉಂಟು. ಅದು ಉದ್ದ ಆಗುದಿಲ್ವಾ?”

“ರಕ್ಷಿತಾ, ಇದೊಂದು ಬಿಡು. ಆಮೇಲೆ ನನ್ನ ರೂಮಿಗೆ ಬಾ, ಮಾತಾಡುವ.”

“ಇಲ್ಲೇ ಹೇಳಿ. ಬಸ್ಸು ಹತ್ತಿಸುವವಳ ಹೆಸರು ವೇದಿಕೆಗೆ ಒಪ್ಪುದಿಲ್ಲ, ಅಷ್ಟೇ ಅಲ್ವಾ?”

ಅವರ ಮುಖ ಕೆಂಪಾಯಿತು. “ನಿಂಗೆ ಎಂತ ಸಿಕ್ಕಿದ್ರೂ ಒಂದು ಹೋರಾಟ ಆಗ್ಬೇಕು” ಎಂದು ಫೈಲು ಎತ್ತಿಕೊಂಡು ಹೋದರು. ನಾನು ಅವರ ಕೋಣೆಗೆ ಹೋಗಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಹೇಳುವ ಕಾರಣಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಮರುದಿನ, ತುಂಬಿದ ಸಭಾಂಗಣದಲ್ಲಿ, ಗೀಟು ಹಾಕಿದ್ದ ಸಾಲನ್ನು ಇನ್ನಷ್ಟು ಉದ್ದ ಮಾಡಿ ಓದಿದೆ. ಭಾಷೆ ಇಂಗ್ಲಿಷ್, ಧಾಟಿ ಅಪ್ಪನದು. ಬಿ ಸಲ್ಮಾ ಅವರ ಪೂರ್ಣ ಹೆಸರು, ಅವರ ದೇಶ, ಅವರ ಊರಿನ ಹೆಸರು. “ತನ್ನ ದೇಶದ ಮತಗಟ್ಟೆಯ ಅಧಿಕಾರಿಯಾಗಿ ಅಲ್ಲಿಯ ಜನರ ಮತ ಎಣಿಸಿದ ಕೈಗಳೇ ಇಂದು ನಮ್ಮ ಮಕ್ಕಳ ಕೈ ಹಿಡಿದು ಬಸ್ಸು ಹತ್ತಿಸುತ್ತಿವೆ” ಎಂದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಕೊನೆಯ ಸಾಲಿನಲ್ಲಿ ನಿಂತಿದ್ದ ಅವರು ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡಿದರು. ಶಾಲೆಯ ಜಾಲತಾಣದ ಪುಟದಲ್ಲಿ ಅದೇ ಸಂಜೆ ವಿಡಿಯೊ ಬಂತು. ನಾನೂ ಹಂಚಿಕೊಂಡೆ.

ಡಿಸೆಂಬರ್‌ನಲ್ಲಿ ಬಿ ಸಲ್ಮಾ ಲೈಬ್ರರಿಗೆ ಬರುವುದನ್ನು ಬಿಟ್ಟರು. ಬಸ್ಸಿನಲ್ಲಿ ಕೊನೆಯ ಸೀಟಿಗೆ ಹೋದರು. ಕೇಳಿದರೆ “ಕಾಲು ನೋವು” ಎನ್ನುತ್ತಿದ್ದರು. ಕಾರಣವನ್ನು ತಂದವಳು ಅನುಷ್ಕಾ.

“ಮಿಸ್, ಬಿ ಸಲ್ಮಾ ಅವರ ಪಾಸ್‌ಪೋರ್ಟ್ ಸ್ಟಕ್ ಆಗಿದೆಯಂತೆ. ನಾಸಿರ್ ಅಂಕಲ್ ಮಮ್ಮಿ ಹತ್ರ ಹೇಳಿದ್ರು.”

ಅವರ ಪಾಸ್‌ಪೋರ್ಟಿನ ಅವಧಿ ಮಾರ್ಚ್‌ಗೆ ಮುಗಿಯುತ್ತಿತ್ತು. ಅದು ನವೀಕರಣವಾಗದಿದ್ದರೆ ಒಮಾನಿನ ವಾಸದ ಪರವಾನಗಿಯೂ ಇಲ್ಲ, ಕೆಲಸವೂ ಇಲ್ಲ. ಉಳಿಯುವ ದಾರಿ ಒಂದೇ, ಅವರು ಬಿಟ್ಟು ಬಂದ ಊರು. ಅವರ ದೇಶಕ್ಕೆ ಮಸ್ಕತ್ತಿನಲ್ಲಿ ಕಚೇರಿ ಇರಲಿಲ್ಲ. ಅರ್ಜಿ ಬೇರೊಂದು ದೇಶದಲ್ಲಿದ್ದ ದೂತಾವಾಸಕ್ಕೆ ಹೋಗಬೇಕು. ಅಲ್ಲಿಂದ ಪಾಸ್‌ಪೋರ್ಟಿನ ಬದಲು ಒಂದು ಪ್ರಶ್ನಾವಳಿ ಬಂದಿತ್ತು. ಅದರಲ್ಲಿ ಏನಿದೆಯೆಂದು ಅವರು ನನಗೆ ಹೇಳಲಿಲ್ಲ.

ಯಾರೋ ಚಾಡಿ ಹೇಳಿದ್ದಾರೆ ಎಂಬುದು ನನಗೆ ಕ್ಷಣದಲ್ಲಿ ಖಚಿತವಾಯಿತು. ಯಾರು? ಲವೀನಾ ಮಿಸ್‌ಗೆ ಮೊದಲಿನಿಂದಲೂ ಆ ಹೆಸರು ಕಣ್ಣಿಗೆ ಚುಚ್ಚುತ್ತಿತ್ತು. ನಾಸಿರ್‌ಗೆ ಸ್ವಾಹಿಲಿ ಬರುತ್ತಿತ್ತು, ಅವನ ಫೋನು ದಿನವಿಡೀ ಗುನುಗುತ್ತಿತ್ತು. ಪಾಸ್‌ಪೋರ್ಟಿನ ವಿಷಯ ನನಗಿಂತ ಮೊದಲು ಅವನಿಗೆ ಹೇಗೆ ತಿಳಿಯಿತು? ನಾನು ಇಬ್ಬರನ್ನೂ ಗಮನಿಸತೊಡಗಿದೆ. ನಾಸಿರ್ ಯಾವಾಗ ಫೋನು ಎತ್ತುತ್ತಾನೆ, ಲವೀನಾ ಮಿಸ್ ಪ್ರಾಂಶುಪಾಲರ ಕೋಣೆಯಲ್ಲಿ ಎಷ್ಟು ಹೊತ್ತು ಇರುತ್ತಾರೆ, ನಾನು ಒಳಗೆ ಬಂದಾಗ ಯಾರ ಮಾತು ನಿಲ್ಲುತ್ತದೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟೆ. ಸರ್ವಾಧಿಕಾರಗಳ ಬಗ್ಗೆ ಪಾಠ ಮಾಡುತ್ತಿದ್ದ ನಾನು ಒಂದು ಪುಟ್ಟ ಗುಪ್ತಚರ ಇಲಾಖೆಯನ್ನೇ ತೆರೆದಿದ್ದೆ. ಕೊನೆಗೆ ಪ್ರಾಂಶುಪಾಲರಿಗೆ ಮೂರು ಪುಟದ ಪತ್ರ ಕೊಟ್ಟೆ: ಒಬ್ಬ ಉದ್ಯೋಗಿಯ ಖಾಸಗಿ ವಿವರ ಹೊರಗೆ ಹೋದದ್ದು ಹೇಗೆ, ಯಾರಿಂದ, ತನಿಖೆ ಯಾವಾಗ?

ವಿಷಯ ಮನೆಗೂ ತಲುಪಿತು.

“ಪತ್ರ ಕೊಟ್ಟದ್ದು ಆ ಹೆಂಗಸನ್ನು ಕೇಳಿಯಾ?” ಚಿಕ್ಕಪ್ಪ ಕೇಳಿದರು.

“ಅನ್ಯಾಯದ ವಿರುದ್ಧ ಮಾತಾಡ್ಲಿಕ್ಕೆ ಪರ್ಮಿಷನ್ ಬೇಕಾ?”

“ನಿನ್ನ ಅನ್ಯಾಯ ಆದ್ರೆ ಬೇಡ. ಇನ್ನೊಬ್ಬರದ್ದಾದ್ರೆ ಕೇಳ್ಬೇಕಪ್ಪ, ಒಂದು ಮಾತು.”

ಅವರನ್ನೂ ಅಂಜುಬುರುಕರ ಪಟ್ಟಿಗೆ ಸೇರಿಸಿದೆ.

ಜನವರಿಯಲ್ಲಿ ಒಂದು ದಿನ ಮಧ್ಯಾಹ್ನ ಆಕಾಶ ಇದ್ದಕ್ಕಿದ್ದಂತೆ ಕಪ್ಪಾಯಿತು. ಮಸ್ಕತ್ತಿನ ಮಳೆಗೆ ಮುನ್ನುಡಿ ಇಲ್ಲ. ಬೋಳು ಬೆಟ್ಟಗಳ ಮೇಲೆ ಸುರಿದ ನೀರು ಇಂಗಲು ಜಾಗವಿಲ್ಲದೆ ಒಣಗಿದ ಹಳ್ಳಗಳಲ್ಲಿ ಒಮ್ಮೆಲೇ ಇಳಿದು ಬರುತ್ತದೆ. ಮಕ್ಕಳನ್ನೆಲ್ಲ ಇಳಿಸಿ ಅಲ್ ಖೂದ್ ಹತ್ತಿರ ಬರುವಷ್ಟರಲ್ಲಿ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಪೊಲೀಸರು ದಾರಿ ಮುಚ್ಚಿದ್ದರು. ಬಸ್ಸಿನಲ್ಲಿ ಉಳಿದವರು ನಾವು ಮೂವರು. ನಾಸಿರ್ ಎಂಜಿನ್ ಆರಿಸಿ ಫೋನು ಕೈಗೆತ್ತಿಕೊಂಡ. ನನಗೆ ತಡೆಯಲಾಗಲಿಲ್ಲ.

“ನಾಸಿರ್ ಭಾಯ್, ಬಿ ಸಲ್ಮಾ ಅವರ ಊರಿನವರು ನಿಮ್ಮ ಫೋನಿನಲ್ಲಿ ಇದ್ದಾರಾ?”

“ಇದ್ದಾರೆ. ಇಲ್ಲಿ ಸ್ವಾಹಿಲಿ ಬರುವವರೆಲ್ಲ ಒಬ್ಬರಿಗೊಬ್ಬರು ಇದ್ದಾರೆ. ಯಾಕೆ?”

“ಅವರ ವಿಷಯ ಯಾರೋ ಅಲ್ಲಿಗೆ ಕಳಿಸಿದ್ದಾರೆ.”

ಅವನು ನಿಧಾನವಾಗಿ ತಿರುಗಿದ. “ಯಾರೋ ಅನ್ನಬೇಡಿ. ಹೆಸರು ಹೇಳಿ, ಟೀಚರ್. ನಿಮಗೆ ಹೆಸರು ಹೇಳುವುದು ಇಷ್ಟ ಅಲ್ಲವಾ?”

“ಸರಿ. ನೀವು.”

ಅವನ ಕಣ್ಣಿನಲ್ಲಿ ಕಂಡದ್ದು ಸಿಟ್ಟಲ್ಲ. ಅಷ್ಟು ಕಾಲ ದಿನವೂ ಸಲಾಂ ಹೇಳಿದವಳನ್ನು ಮೊದಲ ಸಲ ನೋಡುವಂತೆ ನೋಡಿದ. ಹಿಂದಿನ ಸೀಟಿನ ಕಡೆ ಸ್ವಾಹಿಲಿಯಲ್ಲಿ ಏನೋ ಹೇಳಿದ. ಬಿ ಸಲ್ಮಾ ಎದ್ದು ಮುಂದೆ ಬಂದರು. ಕೈಚೀಲದಿಂದ ಪ್ಲಾಸ್ಟಿಕ್ ಲಕೋಟೆ, ಲಕೋಟೆಯಿಂದ ಹಾಳೆ ತೆಗೆದರು. ಕಾಗದ ಫ್ರೆಂಚಿನಲ್ಲಿತ್ತು. ಅವರು ಮಕ್ಕಳಿಗೆ ಪಾಠ ಹೇಳುವ ಧ್ವನಿಯಲ್ಲಿ ಒಂದೊಂದೇ ಸಾಲನ್ನು ಹಿಂದಿಗೆ ತಿರುಗಿಸಿ ಓದಿದರು.

“ಮೊದಲನೆಯ ಪ್ರಶ್ನೆ: ದೇಶ ಬಿಟ್ಟ ಕಾರಣ. ಎರಡನೆಯದು: ವಿದೇಶದಲ್ಲಿ ರಾಜಕೀಯ ಚಟುವಟಿಕೆ. ಮೂರನೆಯದು: ಶಾಲೆಯೊಂದರ ಸಾರ್ವಜನಿಕ ಸಮಾರಂಭದಲ್ಲಿ ಅರ್ಜಿದಾರರನ್ನು ‘ಜನರ ಮತ ಎಣಿಸಿದ ಕೈಗಳು’ ಎಂದು ವರ್ಣಿಸಿ ಅಭಿನಂದಿಸಲಾಗಿದೆ. ಸರಕಾರಿ ದಾಖಲೆಯ ಪ್ರಕಾರ ಸದರಿ ಮತಗಟ್ಟೆಯ ಅಧಿಕಾರಿ ಬೇರೊಬ್ಬರು. ಅರ್ಜಿದಾರರು ವಿವರಣೆ ನೀಡತಕ್ಕದ್ದು.”

ಬಸ್ಸಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಮೂರು ಭಾಷೆ ದಾಟಿ ಬಂದಿದ್ದರೂ ಆ ಸಾಲನ್ನು ನಾನು ಗುರುತಿಸಿದೆ. ಅದರ ಅಲಂಕಾರ, ಅದರ ಅಹಂಕಾರ ಎರಡೂ ನನ್ನವು.

ನಾಸಿರ್ ತನ್ನ ಫೋನನ್ನು ನನ್ನ ಮುಂದೆ ಚಾಚಿದ. “ತಗೊಳ್ಳಿ, ಹುಡುಕಿ. ಇನ್ನೂ ಬೇಕಾ? ಇಲ್ಲದಿದ್ದರೆ ಖಲಾಸ್.”

“ನನಗೆ ಯಾಕೆ ಹೇಳಲಿಲ್ಲ?” ಎಂದು ಬಿ ಸಲ್ಮಾರನ್ನು ಕೇಳಿದೆ.

“ಹೇಳಿದ್ದೆ. ಮೂರು ಸಲ ಬೇಡ ಎಂದೆ. ನಿಮ್ಮ ಊರಿನಲ್ಲಿ ಬೇಡ ಅನ್ನಲು ಇನ್ನೇನು ಹೇಳುತ್ತಾರೆ, ಟೀಚರ್?”

ಮರುದಿನ ಲವೀನಾ ಮಿಸ್ ಅವರ ಕೋಣೆಗೆ ಹೋದೆ. ಎರಡು ತಿಂಗಳು ತಡವಾಗಿ.

“ಅವಳೇ ಬಂದು ಕೇಳಿದ್ದು, ಹೆಸರು ತೆಗೀರಿ ಅಂತ” ಎಂದರು. “ಕಾರಣ ಯಾರಿಗೂ ಹೇಳ್ಬೇಡಿ ಅಂತ ಕೈ ಹಿಡ್ಕೊಂಡಿದ್ಳು. ಸ್ಟಾಫ್‌ರೂಮಲ್ಲಿ ಅಷ್ಟು ಜನರ ಎದುರು ನಾನು ಎಂತ ಹೇಳ್ಲಿ? ರೂಮಿಗೆ ಬಾ ಅಂದೆ. ನೀನು ಭಾಷಣ ಮಾಡಿದೆ.”

“ಕ್ಷಮಿಸಿ ಮಿಸ್.”

“ನನ್ನತ್ರ ಎಂತಕ್ಕೆ? ಕೂತ್ಕೊ. ಒಂದು ದಾರಿ ಉಂಟು, ನಿಂಗೆ ಹಿಡಿಸ್ಲಿಕ್ಕಿಲ್ಲ. ವಂದನಾರ್ಪಣೆಯಲ್ಲಿ ಹೇಳಿದ್ದು ನನ್ನ ಕಲ್ಪನೆ, ಆ ಹೆಂಗಸು ಯಾವ ಮತಗಟ್ಟೆಯಲ್ಲೂ ಇರ್ಲಿಲ್ಲ, ನಂಗೆ ಅಂಥದ್ದೇನೂ ಹೇಳಿಲ್ಲ ಅಂತ ನೀನು ಬರೆದು ಕೊಡ್ಬೇಕು. ಶಾಲೆಯ ಲೆಟರ್‌ಹೆಡ್ಡಿನಲ್ಲಿ.”

“ಅದು ಸುಳ್ಳಲ್ವಾ!”

“ಹೌದು.”

“ಬಾಗಿಲಿನ ಹಾಳೆ ಬದಲಿಸಿದವರ ಸುಳ್ಳಿಗೆ ನಾನು ಮುದ್ರೆ ಒತ್ತಿದ ಹಾಗೆ ಆಗ್ತದೆ.”

“ಸತ್ಯ ನೀನು ಇಟ್ಕೊ ಮಾರಾಯ್ತಿ. ಅವಳಿಗೆ ಪಾಸ್‌ಪೋರ್ಟ್ ಬೇಕು.”

ಈ ಸಲ ನಾನು ಬಿ ಸಲ್ಮಾರನ್ನು ಕೇಳಿದೆ. ಲೈಬ್ರರಿಯಲ್ಲಿ, ಮಳೆ ತೊಳೆದ ಬಿಸಿಲು ಮೇಜಿನ ಮೇಲೆ ಬಿದ್ದಿದ್ದ ಬೆಳಿಗ್ಗೆ. ಅವರು ಕುರ್ಚಿ ಎಳೆದು ನನ್ನ ಎದುರು ಕುಳಿತರು. ಪತ್ರವನ್ನು ಅವರೇ ಹೇಳಿ ಬರೆಸಿದರು. ನಾನು “ತಪ್ಪು ತಿಳಿವಳಿಕೆಯಿಂದ” ಎಂದು ಬರೆದಾಗ ಬೇಡವೆಂದು ತಲೆಯಾಡಿಸಿದರು.

“ತಿಳಿವಳಿಕೆ ಎಂದರೆ ನಾನು ಏನೋ ಹೇಳಿದೆ ಎಂದಾಗುತ್ತದೆ. ‘ನನ್ನ ಸ್ವಂತ ಕಲ್ಪನೆಯಿಂದ’ ಎಂದು ಬರೆಯಿರಿ.”

ಬರೆದೆ.

“‘ಸದರಿ ಮಹಿಳೆ ಶಿಕ್ಷಕಿಯೂ ಆಗಿರಲಿಲ್ಲ’ ಎಂದು ಸೇರಿಸಿ.”

“ಅದು ಬೇಡ. ಅವರು ಕೇಳಿಲ್ಲ.”

“ಮುಂದೆ ಕೇಳುತ್ತಾರೆ. ಈಗಲೇ ಬರೆದರೆ ಒಂದು ಪತ್ರದಲ್ಲಿ ಮುಗಿಯುತ್ತದೆ.”

ಒಂದು ಮತಗಟ್ಟೆಯ ಅಧಿಕಾರಿ, ಒಬ್ಬ ಶಿಕ್ಷಕಿ, ತಮ್ಮನ್ನು ತಾವು ಸಾಲು ಸಾಲಾಗಿ ಅಳಿಸುತ್ತಿದ್ದರು. ಹೆಸರು, ಊರುಗಳ ಅಕ್ಷರ ತಪ್ಪಿದಲ್ಲಿ ಬೆರಳಿಟ್ಟು ತೋರಿಸುತ್ತಿದ್ದರು. ನಾನು ಸಹಿ ಮಾಡಿದೆ. ಪ್ರಶ್ನಾವಳಿ ಕಳಿಸಿದ ಕಚೇರಿಯವರು ಆ ಪತ್ರವನ್ನು ನಂಬಿದ್ದಾರೆಂದು ನಾನು ಎಂದೂ ತಿಳಿದಿಲ್ಲ. ಅವರಿಗೆ ನಂಬಿಕೆಯ ಅಗತ್ಯವೂ ಇರಲಿಲ್ಲ. ಕಡತಕ್ಕೆ ಒಂದು ಹಾಳೆ ಬೇಕಿತ್ತು, ಹೊರದೇಶದ ಸುಶಿಕ್ಷಿತಳೊಬ್ಬಳು ಅದನ್ನು ಬರೆದುಕೊಟ್ಟಳು. ಜಗತ್ತಿನ ಎಷ್ಟು ಕಡತಗಳಲ್ಲಿ ಇಂಥ ಹಾಳೆಗಳಿವೆಯೋ, ಎಷ್ಟು ಸಂಶೋಧಕರು ಅವುಗಳನ್ನು ‘ಪ್ರಾಥಮಿಕ ಆಕರ’ ಎಂದು ಉಲ್ಲೇಖಿಸುತ್ತಾರೋ. ಅಂದಿನಿಂದ ಅಧಿಕೃತ ದಾಖಲೆಯೊಂದನ್ನು ಓದುವಾಗಲೆಲ್ಲ ಅದನ್ನು ಬರೆಯುತ್ತಿದ್ದಾಗ ಎದುರಿನ ಕುರ್ಚಿಯಲ್ಲಿ ಯಾರು ಕುಳಿತಿದ್ದರು ಎಂದು ಯೋಚಿಸುತ್ತೇನೆ.

ಮಾರ್ಚ್ ಕೊನೆಯ ವಾರ ಪಾಸ್‌ಪೋರ್ಟ್ ಬಂತು. ಮಧ್ಯಾಹ್ನ ಬಸ್ಸು ಹತ್ತುವಾಗ ಬಿ ಸಲ್ಮಾ ಅದನ್ನು ಚೀಲದಿಂದ ತೆಗೆದರು. ನೋಡಲೆಂದು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ, ಫೋಟೊ ಇದ್ದ ಪುಟವನ್ನು ದೂರದಿಂದಲೇ ತೆರೆದು ತೋರಿಸಿ ಮತ್ತೆ ಒಳಗಿಟ್ಟರು.

“ಮುಬಾರಕ್ ಟೀಚರ್” ಎಂದರು. “ಈಗ ನೀವೂ ನಮ್ಮ ಸರಕಾರದ ನೌಕರಿಯಲ್ಲಿದ್ದೀರಿ.”

ನಾಸಿರ್ ಜೋರಾಗಿ ನಕ್ಕ. ನಾನು ಕ್ಷಮೆ ಕೇಳಿದ್ದಕ್ಕೆ ಅವನು ‘ಸರಿ’ ಎಂದಿದ್ದ, ಅಷ್ಟೇ; ಆಮೇಲೆ ನನ್ನೊಂದಿಗೆ ಮಾತಾಡುವುದನ್ನು ಸಲಾಮಿಗೆ ಸೀಮಿತಗೊಳಿಸಿದ್ದ.

ಬಸ್ಸು ತುಂಬುತ್ತಿದ್ದಂತೆ ಅನುಷ್ಕಾ ನೋಟ್‌ಬುಕ್ ಹಿಡಿದು ಬಂದಳು. ಮುಂದಿನ ವರ್ಷದ ತಂಡಕ್ಕಾಗಿ ಟಿಪ್ಪಣಿ ಬರೆಯುತ್ತಿದ್ದಳು. ಮತಗಟ್ಟೆಯ ಭಾಗವನ್ನು ಪೂರ್ತಿ ಮಾಡಬೇಕಿತ್ತು.

“ಬಿ ಸಲ್ಮಾ, ಡೋರ್ ಮೇಲೆ ಇದ್ದ ಪೇಪರ್ ಬೆಳಿಗ್ಗೆಯೇ ನೋಡಿದ್ದಾ ನೀವು?” ಎಂದು ಹಿಂದಿಯಲ್ಲಿ ಕೇಳಿದಳು.

ಬಿ ಸಲ್ಮಾ ಮಕ್ಕಳ ತಲೆ ಎಣಿಸುತ್ತಿದ್ದರು. “ಟೀಚರನ್ನು ಕೇಳು” ಎಂದರು.

ಅವಳು ನನ್ನ ಕಡೆ ತಿರುಗಿದಳು.

“ಅಂಥದ್ದೇನೂ ನಡೆದಿಲ್ಲ ಅನುಷ್ಕಾ” ಎಂದೆ. “ಆ ಭಾಗ ಬಿಟ್ಟುಬಿಡು.”

“ಬಟ್ ಮಿಸ್, ಅವರೇ ಹೇಳಿದ್ದಲ್ವಾ? ನಾವೆಲ್ಲ ಇದ್ದೆವು ಲೈಬ್ರರಿಯಲ್ಲಿ. ನೀವೂ ಇದ್ರಿ.”

“ನಾವು ತಪ್ಪಾಗಿ ಅರ್ಥ ಮಾಡ್ಕೊಂಡಿದ್ದೆವು.”

ಅವಳು ಬಿ ಸಲ್ಮಾರನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಹಾಗೆ ಹೇಳ್ಬೇಕು ಅಂತ ನಿಮಗೆ ಯಾರು ಹೇಳಿದ್ದು, ಮಿಸ್?”

ಬಿ ಸಲ್ಮಾ ಎಣಿಸುವುದನ್ನು ನಿಲ್ಲಿಸಿದ್ದರು. ಕನ್ನಡಿಯಲ್ಲಿ ನಾಸಿರ್ ನನ್ನನ್ನೇ ನೋಡುತ್ತಿದ್ದ.

“ಯಾರೂ ಹೇಳಿಲ್ಲ” ಎಂದೆ.